ಶಾಳಿ ಗೋಡೆಯ ಸರಸ್ವತಿ ಮತ್ತು ಫರ್ರುಖ್ ಹುಸೇನ್

ನಮ್ಮ ಅಬ್ಬಾ ಲೋಕಾಪುರದಲ್ಲಿ ಪೇಂಟರ್ ಆಗಿದ್ದರು. ಪೇಂಟರ್ ಎಂದರೆ ಮನೆಗಳಿಗೆ ಬಣ್ಣ ಬಳಿಯುವವರಲ್ಲ. ಕಿರಾಣಿ ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಚುನಾವಣೆ ಬಂದರೆ ಗೋಡೆಬರಹ, ಕಬ್ಬಿನ ಸೀಸನ್ನು ಶುರುವಾಗುವ ಮೊದಲು ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಮಾಲಕರ ಮಕ್ಕಳ ಹೆಸರು, ಇವೆಲ್ಲ ಅವರ ಕೆಲಸ. ಕನ್ನಡ, ಉರ್ದು, ಮರಾಠಿ ಮೂರೂ ಅಕ್ಷರ ಅವರ ಕೈಯಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ಕೆಲಸ ಕಡಿಮೆ ಇದ್ದ ತಿಂಗಳುಗಳಲ್ಲಿ ಉಳಿ, ಸುತ್ತಿಗೆ ಹಿಡಿದು ಗೋರಿಯ ಕಲ್ಲುಗಳ ಮೇಲೆ ಹೆಸರು ಕಡಿಯುತ್ತಿದ್ದರು. ನಮ್ಮೂರ ಸುತ್ತ ಸುಣ್ಣದ ಕಲ್ಲಿಗೇನು ಬರವಿಲ್ಲ. ಆದರೆ ಅಕ್ಷರಕ್ಕೆ ಎಲ್ಲ ಕಲ್ಲೂ ಆಗುವುದಿಲ್ಲ. ಅಬ್ಬಾ ಬೆರಳಿನಿಂದ ಕುಟ್ಟಿ, ಸಪ್ಪಳ ಕೇಳಿ ಕಲ್ಲು ಆರಿಸುತ್ತಿದ್ದರು.

1988ರಲ್ಲಿರಬೇಕು, ನಾನಾಗ ಉರ್ದು ಶಾಲೆಯಲ್ಲಿ ಮೂರನೆಯ ಇಯತ್ತೆ. ಪಕ್ಕದ ಹಳ್ಳಿಯ ಕನ್ನಡ ಶಾಲೆಯ ಹೆಡ್ ಮಾಸ್ತರರು ಅಂಗಡಿಗೆ ಬಂದು, "ಸಾಬ್ರ, ಶಾಳಿ ಗ್ವಾಡಿ ಬೋಳ ಕಾಣತೈತಿ. ಒಂದು ಸರಸ್ವತೀನ್ನ ತಗದ ಕೊಡ್ರಿ" ಅಂದರು. ಅಬ್ಬಾ ಒಪ್ಪಿಕೊಂಡರು. ನಾಲ್ಕು ದಿನದ ಕೆಲಸ. ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ನೀಲಿಪುಡಿ ಸವರಿದ ದಾರದ ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ತುದಿ ಅವರು ಹಿಡಿದು ನಡುವೆ ಮೀಟಿದರೆ ಗೋಡೆಯ ಮೇಲೆ ಗೆರೆ ಮೂಡುತ್ತಿತ್ತು. ಬಿಳಿ ಸೀರೆ, ವೀಣೆ, ಪುಸ್ತಕ, ಹಂಸ. ಹಂಸ ಬಾತುಕೋಳಿಯಂತೆ ಬಂತು, ಅದನ್ನು ನಾನು ಹೇಳಿದೆ, ಅವರು ನಕ್ಕರು. ಕಣ್ಣು ಬರೆಯುವುದನ್ನು ಮಾತ್ರ ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದರು. ಅದಕ್ಕೆ ಅವರ ಬಳಿ ಬೇರೆಯೇ ಒಂದು ಬ್ರಶ್ ಇತ್ತು. ಹಳೆಯ ಬ್ರಶ್ಶಿನ ಕೂದಲನ್ನು ಬ್ಲೇಡಿನಿಂದ ಕೊಯ್ದು ಕೊಯ್ದು ಐದಾರು ಎಳೆ ಮಾತ್ರ ಉಳಿಸಿಕೊಂಡಿದ್ದರು. ಉಸಿರು ಹಿಡಿದು ಎರಡು ಕಣ್ಣು ಬರೆದು ಕೆಳಗಿಳಿದರು. 150 ರೂಪಾಯಿ, ಒಂದು ಟಾವೆಲ್, ಒಂದು ತೆಂಗಿನಕಾಯಿ ಸಿಕ್ಕಿತು. ತೆಂಗಿನಕಾಯಿಯನ್ನು ಅಮ್ಮ ಶೀರ್‌ಖುರ್ಮಾಕ್ಕೆ ತುರಿದಳು.

ಆಗ ಯಾರೂ ಏನೂ ಅನ್ನಲಿಲ್ಲ. ನಮ್ಮ ಮಸೀದಿಯ ಮುದುಕ ಪೇಶ್ ಇಮಾಮರು ಸಂಜೆ ಅಬ್ಬಾನ ಅಂಗಡಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದವರು. ಅಂದಿದ್ದು ನಾನು, ಮುಂದೆ ಒಂಬತ್ತು ವರ್ಷಕ್ಕೆ.

ಬಿಜಾಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆ ಮಾಡಿದ ವರ್ಷ ಅದು, 1997. ನಾನು ಪಿಯುಸಿಗೆಂದು ಊರು ಬಿಟ್ಟಿದ್ದೆ. 1992ರ ಡಿಸೆಂಬರಿನ ನಂತರ ಬೆಳೆದ ಹುಡುಗರು ನಾವು. ಒಳಗೊಳಗೆ ಏನೋ ಗಟ್ಟಿ ಮಾಡಿಕೊಳ್ಳುತ್ತಿದ್ದೆವು. ರೂಮಿನಲ್ಲಿ ಓದಲು ಸಿಗುತ್ತಿದ್ದ ಉರ್ದು ಕಿರುಪುಸ್ತಕಗಳಿಂದ ನನಗೆ ಎಲ್ಲ ಗೊತ್ತಾಗಿಬಿಟ್ಟಿದೆ ಎನಿಸಿತ್ತು. ರಜೆಗೆ ಬಂದಾಗ ಅಬ್ಬಾ ಅದೇ ಸರಸ್ವತಿಗೆ ಹೊಸ ಬಣ್ಣ ಹಾಕಲು ಡಬ್ಬಿ ಕಟ್ಟುತ್ತಿದ್ದರು. ಆಗಸ್ಟ್ ಹದಿನೈದು ಹತ್ತಿರವಿತ್ತು. ಚಿತ್ರ ಮಾಡಿದವರಿಗೆ ಕಿಯಾಮತ್ತಿನ ದಿನ, ಮಾಡಿದ್ದಕ್ಕೆ ಜೀವ ತುಂಬಿರಿ ಎಂದು ಹೇಳಲಾಗುತ್ತದೆ ಎಂಬ ಅರ್ಥದ ಹದೀಸ್ ಇದೆಯಲ್ಲ, ಅದನ್ನು ನಾನು ಅವರ ಮುಂದೆ ನಿಂತು ಹೇಳಿದೆ. "ಆಗ ಏನ್ ಜವಾಬ್ ಕೊಡ್ತೀರಿ ಅಬ್ಬಾ? ಅದೂ ಬುತ್ತಿನ ಚಿತ್ರ" ಎಂದು ಕೇಳಿದೆ. ಅಮ್ಮ ಒಲೆಯ ಮುಂದಿನಿಂದ "ಚುಪ್ ರೇ" ಅಂದಳು. ಅಬ್ಬಾ ಏನೂ ಅನ್ನಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದರು, ಬ್ರಶ್ಶುಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದರು. ಸರಸ್ವತಿಗೆ ಬಣ್ಣ ಹಾಕಲು ತಮ್ಮ ಕೈಕೆಳಗಿದ್ದ ಹುಡುಗನನ್ನು ಕಳಿಸಿದರು. ಅವತ್ತಿನಿಂದ ಅವರು ಜೀವವಿರುವ ಯಾವುದನ್ನೂ ಬರೆಯಲಿಲ್ಲ. ಎತ್ತಿಲ್ಲ, ಗಿಳಿಯಿಲ್ಲ, ಲಾರಿಯ ಹಿಂದಿನ ಹುಲಿಯಿಲ್ಲ. ಬರೀ ಅಕ್ಷರ.

ನಾನು ಗೆದ್ದೆ ಅಂದುಕೊಂಡಿದ್ದೆ. ಆ ವಯಸ್ಸೇ ಅಂಥದ್ದು ಎಂದು ಈಗ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಅವರ ದುಡಿಮೆಯ ಅರ್ಧಪಾಲು ಹೋಯಿತು ಎಂಬುದು ನನ್ನ ಫೀಜು ಕಟ್ಟುವಾಗ ನನಗೆ ಗೊತ್ತಾಗುತ್ತಿತ್ತು.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, 2016ರಲ್ಲಿ ಧಾರವಾಡದ ಗೆಳೆಯರೊಬ್ಬರ ಮನೆಯಲ್ಲಿ ದಖನ್ನಿನ ಚಿತ್ರಕಲೆಯ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಿರುವಿ ಹಾಕುತ್ತಿದ್ದೆ. ಒಂದು ಪುಟದಲ್ಲಿ ಸರಸ್ವತಿ ಕುಳಿತಿದ್ದಳು. ಬಿಳಿಯುಡುಗೆ, ಬಂಗಾರದ ಸಿಂಹಾಸನ, ಕೈಯಲ್ಲಿ ವೀಣೆ. ಆದರೆ ಮುಖ ನಮ್ಮ ಕ್ಯಾಲೆಂಡರಿನ ಮುಖವಲ್ಲ. ಫಾರ್ಸಿ ಚಿತ್ರಗಳಲ್ಲಿ ರಾಜಕುಮಾರಿಯರಿಗೆ ಇರುತ್ತದಲ್ಲ, ಅಂಥ ಮುಖ. ಕೆಳಗೆ ಬರೆದಿತ್ತು: ಫರ್ರುಖ್ ಹುಸೇನ್, ಬಿಜಾಪುರ, ಸುಮಾರು 1604. ಚಿತ್ರದಲ್ಲೇ ಫಾರ್ಸಿ ಲಿಪಿಯ ಒಂದು ಸಾಲು. ಇಬ್ರಾಹಿಮನಿಗೆ ತಂದೆ ಗುರು ಗಣಪತಿ, ತಾಯಿ ಪವಿತ್ರ ಸರಸ್ವತಿ ಎಂದು ಅದರ ತಾತ್ಪರ್ಯ. ಉರ್ದು ಕಲಿತವನಾದ್ದರಿಂದ ಅಕ್ಷರಗಳನ್ನು ಕೂಡಿಸಿ ಓದಬಲ್ಲೆ. ಓದಿದೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಬ್ಬಾ ತೀರಿಕೊಂಡು ಆಗ ಐದು ವರ್ಷವಾಗಿತ್ತು.

ಅಲ್ಲಿಂದ ಈ ಫರ್ರುಖನ ಬೆನ್ನು ಹತ್ತಿದೆ.

ಅವನು ಹುಟ್ಟಿದ್ದು ಸುಮಾರು 1545ರಲ್ಲಿ. ಇದನ್ನು ಅವನ ಮುಪ್ಪಿನ ಚಿತ್ರವೊಂದರಿಂದ ಹಿಂದಕ್ಕೆ ಎಣಿಸಿ ಹೇಳುತ್ತಾರೆ, ಅದನ್ನು ಆಮೇಲೆ ಹೇಳುತ್ತೇನೆ. ಖುರಾಸಾನದ ಕಡೆ ಪಳಗಿದ ಕೈ ಎಂದು ಬಲ್ಲವರ ಮಾತು. ಕಾಬೂಲಿನಲ್ಲಿ ಅಕ್ಬರನ ಮಲತಮ್ಮ ಮಿರ್ಜಾ ಹಕೀಮನ ಬಳಿ ಇದ್ದ. 1585ರಲ್ಲಿ ಹಕೀಮ ಸತ್ತ. ಧಣಿ ಸತ್ತ ಮೇಲೆ ಅವನ ಕಡೆಯ ಜನರನ್ನೆಲ್ಲ ರಾವಲ್ಪಿಂಡಿಗೆ ಕರೆತಂದು ಅಕ್ಬರನ ಮುಂದೆ ನಿಲ್ಲಿಸಿದರು. ಅಂದು ಬಂದವರ ಹೆಸರುಗಳಲ್ಲಿ ಚಿತ್ರಗಾರ ಫರ್ರುಖ್ ಬೇಗನದನ್ನೂ ಅಬುಲ್ ಫಜಲ್ ಅಕ್ಬರನಾಮಾದಲ್ಲಿ ಬರೆದಿದ್ದಾನೆ. ನಲವತ್ತು ವರ್ಷದ ಮನುಷ್ಯ, ದೇಶ ಬೇರೆ, ಭಾಷೆ ಬೇರೆ, ಮತ್ತೆ ಮೊದಲಿನಿಂದ ಶುರು. ನನಗೂ ಈಗ ನಲವತ್ತು ದಾಟಿದೆ. ಲೋಕಾಪುರದಿಂದ ಧಾರವಾಡಕ್ಕೆ ಮನೆ ಬದಲಿಸಲು ಹತ್ತು ಸಲ ಯೋಚಿಸುವವನು ನಾನು.

ಅಕ್ಬರನ ಚಿತ್ರಶಾಲೆಯಲ್ಲಿ ಕೆಲಸವನ್ನು ಹಂಚಿಕೊಂಡು ಮಾಡುವುದು ರೂಢಿ. ಒಬ್ಬ ಗೆರೆ ಹಾಕಬೇಕು, ಇನ್ನೊಬ್ಬ ಬಣ್ಣ ತುಂಬಬೇಕು, ಕೆಲವೊಮ್ಮೆ ಮುಖ ಬರೆಯಲು ಮೂರನೆಯವ ಬರುತ್ತಿದ್ದ. ಫರ್ರುಖನ ಚಿತ್ರಗಳಲ್ಲಿ ಹೆಚ್ಚಿನವು ಅವನೊಬ್ಬನವೇ. ಅಕ್ಬರನಾಮಾದ ಸಚಿತ್ರ ಪ್ರತಿಯೊಂದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಅಕ್ಬರ್ ಸೂರತ್ ಗೆದ್ದು ಊರೊಳಗೆ ಬರುತ್ತಿರುವ ಚಿತ್ರ ಇವನದು. ಉಳಿದ ಚಿತ್ರಗಾರರ ಪುಟಗಳಲ್ಲಿ ಆನೆ ಕುದುರೆಗಳು ಒಂದರ ಮೇಲೊಂದು ಬಿದ್ದು ಧೂಳೆಬ್ಬಿಸುತ್ತಿದ್ದರೆ, ಇವನ ಪುಟದಲ್ಲಿ ಎಲ್ಲರೂ ಮದುವೆಗೆ ಹೊರಟವರಂತೆ ಮಟ್ಟಸವಾಗಿ ಸಾಗುತ್ತಾರೆ. ಯುದ್ಧದ ಗದ್ದಲ ಇವನಿಗೆ ಒಗ್ಗಲಿಲ್ಲ ಎಂದು ನನಗನಿಸುತ್ತದೆ.

ಇಲ್ಲಿ ಅಕ್ಬರನ ಒಂದು ಮಾತು ಬರುತ್ತದೆ. ಅಬುಲ್ ಫಜಲನ ಆಯಿನೆ ಅಕ್ಬರಿಯಲ್ಲಿ ದಾಖಲಾಗಿದೆ. ಚಿತ್ರಗಾರನಿಗೆ ದೇವರನ್ನು ಅರಿಯಲು ಬೇರೆಯದೇ ದಾರಿ ಇದೆ, ಏಕೆಂದರೆ ಕೈಕಾಲು ಎಲ್ಲವನ್ನೂ ಬರೆದ ಮೇಲೂ ತಾನು ಅದಕ್ಕೆ ಜೀವ ಕೊಡಲಾರೆ ಎಂಬುದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ, ಜೀವ ಕೊಡುವವನ ಕಡೆಗೆ ಮನಸ್ಸು ತಿರುಗುತ್ತದೆ ಎಂಬುದು ಅದರ ಸಾರ. ನಾನು ಅಬ್ಬಾನ ಮುಂದೆ ಹೇಳಿದ ಅದೇ ವಿಷಯ, ಇನ್ನೊಂದು ಕಡೆಯಿಂದ. ನಾನು ಆಲಿಮ್ ಅಲ್ಲ, ಫತ್ವಾ ಕೊಡಲು ಕೂತಿಲ್ಲ. ಚಿತ್ರದ ಬಗ್ಗೆ ಉಲೇಮಾಗಳಲ್ಲಿ ಒಂದೇ ಅಭಿಪ್ರಾಯವಿಲ್ಲ ಎಂಬುದು ಓದಿದವರಿಗೆಲ್ಲ ಗೊತ್ತು. ಹಜರತ್ ಆಯಿಶಾ ಅವರ ಆಟದ ಗೊಂಬೆಗಳ ಪ್ರಸಂಗವೂ ಹದೀಸಿನಲ್ಲೇ ಇದೆ. ಮನುಷ್ಯರ ಚಿತ್ರ ಬೇರೆ, ಪೂಜೆಗೊಳ್ಳುವ ದೇವರ ಚಿತ್ರ ಬೇರೆ ಎನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ನನ್ನ ತಕರಾರು ಹದಿನೆಂಟರ ಆ ಹುಡುಗನ ಜೊತೆ ಮಾತ್ರ. ಅವನು ಒಂದೇ ಪುಸ್ತಕ ಓದಿದ್ದ.

ಸುಮಾರು 1595ರ ನಂತರ ಮೊಗಲರ ಕಡೆ ಫರ್ರುಖ್ ಬೇಗನ ಸುಳಿವಿಲ್ಲ. ಅದೇ ಹೊತ್ತಿಗೆ ಬಿಜಾಪುರದಲ್ಲಿ ಫರ್ರುಖ್ ಹುಸೇನ್ ಎಂಬ ಚಿತ್ರಗಾರ ಕಾಣಿಸಿಕೊಳ್ಳುತ್ತಾನೆ. ಇಬ್ಬರೂ ಒಬ್ಬನೇ ಎಂದು ರಾಬರ್ಟ್ ಸ್ಕೆಲ್ಟನ್ ಎಂಬ ವಿದ್ವಾಂಸರು 1957ರಲ್ಲಿ ವಾದಿಸಿದರು. ಒಪ್ಪದವರಿದ್ದಾರೆ. ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ನನಗೆ ಸ್ಕೆಲ್ಟನ್ ಸರಿ ಎನಿಸಿದೆ. ಕೈಬರಹದಂತೆ ಕೈಗೆರೆಯೂ ಬಚ್ಚಿಡಲಾಗದ್ದು. ಲೋಕಾಪುರದಿಂದ ಮುಧೋಳದವರೆಗಿನ ಬೋರ್ಡುಗಳಲ್ಲಿ ಅಬ್ಬಾ ಬರೆದದ್ದು ಯಾವುದು ಎಂದು ಬಸ್ಸಿನಲ್ಲಿ ಕುಳಿತೇ ಹೇಳುತ್ತಿದ್ದೆ ನಾನು.

ಬಿಜಾಪುರದಲ್ಲಿ ಆಗ ಎರಡನೆಯ ಇಬ್ರಾಹಿಮ್ ಆದಿಲ್‌ಶಾಹನ ಆಳ್ವಿಕೆ, 1580ರಿಂದ 1627. ಜನ ಜಗದ್ಗುರು ಎಂದು ಕರೆದ ಸುಲ್ತಾನ. ದಖನಿಯಲ್ಲಿ ಹಾಡುಗಳನ್ನು ಕಟ್ಟಿ ಕಿತಾಬ್-ಎ-ನವರಸ್ ಎಂದು ಹೆಸರಿಟ್ಟ. 1599ರಲ್ಲಿ ಊರಿನ ಪಶ್ಚಿಮಕ್ಕೆ ನವರಸಪುರ ಎಂಬ ಹೊಸ ಪಟ್ಟಣವನ್ನೇ ಕಟ್ಟಿಸತೊಡಗಿದ. ಅವನ ತಂಬೂರಿಗೆ ಮೋತಿಖಾನ್ ಎಂದು ಹೆಸರು, ಆನೆಗೆ ಆತಿಶ್‌ಖಾನ್. ತನ್ನ ವಾದ್ಯಕ್ಕೂ ಆನೆಗೂ ಹಾಡಿನಲ್ಲಿ ಜಾಗ ಕೊಟ್ಟ ಮನುಷ್ಯ. ಆಸ್ಥಾನ ಕವಿ ಜುಹೂರಿ, ಇವನೂ ಇರಾನಿನವನೇ, ದರಬಾರಿನ ದೊಡ್ಡವರನ್ನು ಹೊಗಳುವಾಗ ಫರ್ರುಖ್ ಹುಸೇನನನ್ನೂ ಸೇರಿಸಿದ್ದಾನೆ. ಕವಿಗಳ ಜೊತೆಯಲ್ಲಿ ಕೂಲಿಯ ಕುಂಚದವನ ಹೆಸರು. ಬಳೆಗಾರರ ಮನೆಯ ರನ್ನನಿಗೆ ಕವಿಚಕ್ರವರ್ತಿ ಪಟ್ಟ ಸಿಕ್ಕ ಸೀಮೆ ನಮ್ಮದು, ಅದೂ ನಮ್ಮ ಮುಧೋಳದ ಬೆಳಗಲಿಯವನಿಗೆ. ಆದ್ದರಿಂದ ನನಗಿದು ಬಹಳ ಹೊಸದೆನಿಸಲಿಲ್ಲ. ಆದರೂ ಖುಷಿಯಾಯಿತು.

ಬಿಜಾಪುರಕ್ಕೆ ಬಂದ ಮೇಲೆ ಫರ್ರುಖನ ಕೈ ಬದಲಾಯಿತು. ಬಣ್ಣ ದಟ್ಟವಾಯಿತು, ಗಿಡಮರಗಳು ಕನಸಿನಲ್ಲಿ ಬೆಳೆದಂತೆ ಬೆಳೆದವು. ಸುಲ್ತಾನ ಕುದುರೆಯ ಮೇಲೆ ಕುಳಿತು ಕೈಯಲ್ಲಿ ಗಿಡುಗ ಹಿಡಿದು ಹೊರಟ ಚಿತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅದೇ ಸುಲ್ತಾನ ತಂಬೂರಿ ನುಡಿಸುತ್ತಿರುವ ಚಿತ್ರ ಪ್ರಾಗ್‌ನ ನಾಪ್ರ್‌ಸ್ಟೆಕ್ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ರಾಜನ ಮುಖ ನೋಡಬೇಕಾದರೆ ಅಷ್ಟು ದೂರ ಹೋಗಬೇಕು. ಗೋಲಗುಮ್ಮಟದ ಮ್ಯೂಸಿಯಮ್ಮಿನಲ್ಲಿ ಎರಡು ಸಲ ಹುಡುಕಿದೆ, ನನಗೆ ಫರ್ರುಖನ ಹೆಸರು ಕಾಣಲಿಲ್ಲ.

ಈ ಚಿತ್ರಗಳು ಎಷ್ಟು ದೊಡ್ಡವು ಅಂದುಕೊಂಡಿರಿ? ಹೆಚ್ಚಿನವು ನಮ್ಮ ನೋಟ್‌ಬುಕ್ಕಿನ ಹಾಳೆಯಷ್ಟು. ಹಾಳೆಯನ್ನು ನಯವಾದ ಕಲ್ಲಿನಿಂದ ಉಜ್ಜಿ ಗಾಜಿನಂತೆ ಮಾಡಿಕೊಳ್ಳಬೇಕು. ನೀಲಿಗೆ ಬದಖ್ಶಾನದ ಲಾಜವರ್ದ ಕಲ್ಲನ್ನು ಅರೆಯಬೇಕು, ಹಳದಿಗೆ ಹರಿತಾಳ, ಅಂಟಿಗೆ ಗೋಂದು. ಕುಂಚಕ್ಕೆ ಅಳಿಲಿನ ಬಾಲದ ಕೂದಲು. ಕಣ್ಣಿನ ರೆಪ್ಪೆ ಬರೆಯಲು ಒಂದೆರಡು ಎಳೆ ಸಾಕು. ಇದನ್ನು ಓದಿದಾಗ ನನಗೆ ನೆನಪಾದದ್ದು ಅಬ್ಬಾನ ಐದಾರು ಎಳೆಯ ಬ್ರಶ್.

ಇನ್ನೊಂದು ಸಂಗತಿ ಹೇಳಲೇಬೇಕು. ಕಿತಾಬ್-ಎ-ನವರಸ್‌ನ ಒಂದು ಸುಂದರ ಪ್ರತಿಯನ್ನು ಬರೆದವನು ಇರಾನಿನ ಖುಶ್‌ನವೀಸ್ ಮೀರ್ ಖಲೀಲುಲ್ಲಾ. ಅವನಿಗೆ ಬುತ್‌ಶಿಕನ್ ಎಂಬ ಅಡ್ಡಹೆಸರಿತ್ತು, ಅಂದರೆ ವಿಗ್ರಹ ಒಡೆಯುವವ. ಬುತ್‌ಶಿಕನ್ ಎನಿಸಿಕೊಂಡವನು ಕುಳಿತು ಸರಸ್ವತಿಯ, ಗಣಪತಿಯ ಹಾಡುಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ. ಸುಲ್ತಾನ ಅವನಿಗೆ ಲೇಖನಿಯ ಬಾದಶಹಾ ಎಂಬ ಬಿರುದು ಕೊಟ್ಟ.

ಇಷ್ಟೆಲ್ಲ ಮಾಡಿದ ಇಬ್ರಾಹಿಮ್ ಮಲಗಿರುವುದು ಎಲ್ಲಿ? ಗೋಡೆಗಳ ತುಂಬ ಕುರ್‌ಆನಿನ ಆಯತ್‌ಗಳನ್ನು ಕೆತ್ತಿದ ಇಬ್ರಾಹಿಮ್ ರೋಜಾದಲ್ಲಿ. ಮಲಿಕ್ ಸಂದಲ್ ಕಟ್ಟಿಸಿದ ಕಟ್ಟಡ. ಅಲ್ಲಿ ಒಂದೇ ಒಂದು ಜೀವದ ಚಿತ್ರವಿಲ್ಲ. ಕಿಟಕಿಗೆ ಜಾಲಿಯ ಬದಲು ಅಕ್ಷರಗಳನ್ನೇ ಕಲ್ಲಿನಲ್ಲಿ ಆಚೆಯಿಂದ ಈಚೆಗೆ ಕೊರೆದಿದ್ದಾರೆ, ಬೆಳಕು ಆಯತ್‌ಗಳ ನಡುವಿನಿಂದ ಬರುತ್ತದೆ.

2003ರಲ್ಲಿ ಅಬ್ಬಾನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನನಗೆ ನೌಕರಿ ಸಿಕ್ಕ ವರ್ಷ. ಘಟಪ್ರಭೆ ದಾಟಿ, ಮುಧೋಳ, ಜಮಖಂಡಿ, ಆಮೇಲೆ ಕೃಷ್ಣೆ ದಾಟಿ ಬಿಜಾಪುರ. ಅಷ್ಟರಲ್ಲಿ ಫ್ಲೆಕ್ಸ್ ಬೋರ್ಡು ಶುರುವಾಗಿ ಅಬ್ಬಾನ ಅಂಗಡಿ ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ರೋಜಾದ ಕಿಟಕಿಯ ಮುಂದೆ ಬಹಳ ಹೊತ್ತು ನಿಂತರು. ಉಳಿ ಹಿಡಿದವರಲ್ಲವೇ, ಒಂದು ಅಲಿಫ್‌ನ ಅಂಚಿಗೆ ಬೆರಳಾಡಿಸಿದರು. ಕಾವಲುಗಾರ ಮುಟ್ಟಬೇಡಿ ಎಂದಾಗ ಕೈ ತೆಗೆದರು. "ಇವ್ರು ಅಕ್ಷರಾ ತಗದಿಲ್ಲ, ಚಿತ್ರಾನೇ ತಗದಾರ" ಎಂದು ನನ್ನ ಕಡೆ ನೋಡದೆ ಹೇಳಿದರು. ಅಲ್ಲಿದ್ದ ಪ್ರವಾಸಿಗಳ ನಡುವೆ ನಾನು ಕ್ಯಾಮೆರಾ ಸರಿಮಾಡುತ್ತಾ ನಿಂತೆ. ಆಗ ನನಗೆ ಫರ್ರುಖನ ಹೆಸರು ಗೊತ್ತಿದ್ದರೆ, ಇದೇ ಊರಿನಲ್ಲಿ, ಇಲ್ಲಿ ಮಲಗಿರುವ ಮನುಷ್ಯನಿಗಾಗಿ, ನಾನೂರು ವರ್ಷದ ಹಿಂದೆ ನಿಮ್ಮಂಥದೇ ಒಬ್ಬ ಮುಸಲ್ಮಾನ ಸರಸ್ವತಿಯನ್ನು ಬರೆದಿದ್ದ ಅಬ್ಬಾ ಎಂದು ಹೇಳಬಹುದಿತ್ತು. ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಹೇಳಬಹುದಾದ ಮಾತು ಒಂದಿತ್ತು, ಅದನ್ನೂ ಹೇಳಲಿಲ್ಲ. ಜವಾರಿ ಜೋಳದ ರೊಟ್ಟಿಯ ಊಟ ಮಾಡಿ ಸಂಜೆಯ ಬಸ್ಸು ಹಿಡಿದೆವು.

ಫರ್ರುಖ್ ಬಿಜಾಪುರದಲ್ಲೇ ಉಳಿಯಲಿಲ್ಲ. 1609ರಲ್ಲಿ ಅವನು ಮತ್ತೆ ಮೊಗಲರ ಬಳಿ ಇದ್ದಾನೆ. ಆ ವರ್ಷ ಜಹಾಂಗೀರ್ ಅವನಿಗೆ 2000 ರೂಪಾಯಿ ಇನಾಮು ಕೊಟ್ಟು, ಈ ಕಾಲದಲ್ಲಿ ಸಾಟಿಯಿಲ್ಲದವರಲ್ಲಿ ಒಬ್ಬ ಎಂಬರ್ಥದಲ್ಲಿ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವನು ಬಿಟ್ಟುಹೋದ ಬಿಜಾಪುರಕ್ಕೆ ಮುಂದೆ ಒಳ್ಳೆಯ ದಿನಗಳು ಹೆಚ್ಚು ಉಳಿಯಲಿಲ್ಲ. 1624ರಲ್ಲಿ ಮಲಿಕ್ ಅಂಬರ್ ನವರಸಪುರವನ್ನು ಹಾಳುಗೆಡವಿದ, 1686ರಲ್ಲಿ ಔರಂಗಜೇಬ್ ಬಿಜಾಪುರವನ್ನೇ ತೆಗೆದುಕೊಂಡ. ಹಾಳೆಯ ಮೇಲಿನ ಚಿತ್ರಗಳು ಕೈಯಿಂದ ಕೈಗೆ ದಾಟಿ ಬದುಕಿದವು. ಗೋಡೆಯ ಮೇಲಿನವಕ್ಕೆ ಆ ಭಾಗ್ಯವಿಲ್ಲ. ಬಿಜಾಪುರದ ಹತ್ತಿರ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ನೀರಿನ ಮಹಲುಗಳಿವೆ, ಒಂದರ ಗೋಡೆಯಲ್ಲಿ ಚೌಗಾನ್ ಆಡುವ ಸವಾರರನ್ನು ಬರೆದಿದ್ದರು. ಈಗ ಕುದುರೆ ಯಾವುದು, ಗಿಲಾವಿನ ಬಿರುಕು ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು.

ನಾನು ಆಗಲೇ ಹೇಳಿದ ಮುಪ್ಪಿನ ಚಿತ್ರ 1615ರದು. ಯುರೋಪಿನಿಂದ ಬಂದ ಅಚ್ಚುಚಿತ್ರವೊಂದನ್ನು ಮುಂದಿಟ್ಟುಕೊಂಡು ಬರೆದದ್ದು. ಅದರ ಮೂಲ ಕಲ್ಪನೆ ಮಾರ್ಟೆನ್ ಡಿ ವೋಸ್ ಎಂಬಾತನದು, ಹೆಸರು ದುಃಖ ಎಂದು. ಮರದ ಕೆಳಗೆ ಕುರ್ಚಿಯಲ್ಲಿ ಒರಗಿ, ತಲೆಯನ್ನು ಕೈಗೆ ಆನಿಸಿದ ದಣಿದ ಮುದುಕ. ಫರ್ರುಖನ ಕೈಯಲ್ಲಿ ಅವನು ಸೂಫಿಯಾಗಿದ್ದಾನೆ. ಎಪ್ಪತ್ತನೆಯ ವಯಸ್ಸಿನಲ್ಲಿ ಮಾಡಿದ್ದು ಎಂದು ಚಿತ್ರದ ಮೇಲೆ ಬರೆದಿದೆ. ಅದೀಗ ಕತಾರಿನ ದೋಹಾದ ಇಸ್ಲಾಮಿಕ್ ಆರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎಪ್ಪತ್ತರಲ್ಲೂ ಮರದ ಒಂದೊಂದು ಎಲೆಯನ್ನೂ ಬಿಡಿಬಿಡಿಯಾಗಿ ಬರೆದಿದ್ದಾನೆ. ಕೈ ನಡುಗಿಲ್ಲ. ನಮ್ಮ ಅಬ್ಬಾ ಅರವತ್ತೆರಡಕ್ಕೆ ಹೋದರು. ಕೊನೆಕೊನೆಗೆ ಚಹಾದ ಕಪ್ಪು ಹಿಡಿದರೂ ಕೈ ನಡುಗುತ್ತಿತ್ತು. ಡಾಕ್ಟರು ಸಕ್ಕರೆ ಕಾಯಿಲೆ ಅಂದರು.

ಶಾಳಿಯ ಸರಸ್ವತಿಯೂ ಈಗಿಲ್ಲ. ಹೊಸ ಕೋಣೆ ಕಟ್ಟುವಾಗ ಆ ಗೋಡೆ ಕೆಡವಿದರಂತೆ.

ಹೋದ ವರ್ಷ ಆ ಪುಸ್ತಕದ ಪುಟವನ್ನು ಕಲರ್ ಜೆರಾಕ್ಸ್ ಮಾಡಿಸಿಕೊಂಡು ಮುಧೋಳಕ್ಕೆ ಹೋದೆ. ಅಬ್ಬಾನ ಕೈಕೆಳಗಿದ್ದ ಆ ಹುಡುಗನಿಗೆ ಈಗ ಐವತ್ತು ದಾಟಿದೆ, ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಕನ್ನಡಕ ಹಣೆಯ ಮೇಲೇರಿಸಿ ಜೆರಾಕ್ಸನ್ನು ಬೆಳಕಿಗೆ ಹಿಡಿದ.

"ಬೆರಳ ನೋಡ್ರಿ ಬೆರಳ" ಅಂದ. "ನಮ್ಮ ಉಸ್ತಾದ್ರೂ ಹಿಂಗ ತಗೀತಿದ್ರು. ನಂಗ ಎಂದೂ ಬರಲಿಲ್ಲ. ಆ ವರ್ಷ ಬಣ್ಣಾ ಹಾಕಾಕ ನನ್ನ ಕಳಿಸಿದ್ರಲ್ಲ, ಕಣ್ಣ ಸೊಟ್ಟ ಆದ್ವು. ಸಂಜೀಕ ಉಸ್ತಾದ್ರು ಸೈಕಲ್ ಹೊಡಕೊಂಡ ಬಂದು ದೂರ ನಿಂತ ನೋಡಿ ಹ್ವಾದ್ರು. ಏನೂ ಅನ್ನಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ.

"ಇದನ್ನ ತಗದಾಂವ ಯಾರ್ರಿ?"

"ಫರ್ರುಖ್ ಹುಸೇನ್ ಅಂತ. ಇರಾನ್ ಕಡೆಯಿಂದ ಬಿಜಾಪುರಕ್ಕೆ ಬಂದವ. ಇಬ್ರಾಹಿಮ್ ಆದಿಲ್‌ಶಾಹನ ಕಾಲಕ್ಕ."

"ಸಾಬ್ರs?"

"ಹೂಂ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂವಗ ಮನ್ಯಾಗ ಮಕ್ಕಳ ಇದ್ದಿಲ್ಲೇನ್ರಿ?" ಎಂದು ಕೇಳಿದ. ಕುಚೇಷ್ಟೆಗೆ ಕೇಳಿದನೋ, ಸುಮ್ಮನೆ ಕೇಳಿದನೋ, ಅವನ ಮುಖದಿಂದ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಯಾರೋ ಮದುವೆಯ ಬ್ಯಾನರಿಗೆ ಫೋಟೊ ಹಿಡಿದು ಬಂದರು. ಜೆರಾಕ್ಸನ್ನು ಅವನಿಗೇ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ.